ಒಂದು ಚಾರ್ಜಿಗೆ ಎಷ್ಟು ದೂರ?

ಗೊತ್ತಿಲ್ಲ ಎಂಬ ಮೂರಕ್ಷರದ ಮಾತು ನನ್ನ ಬಾಯಿಂದ ಸುಲಭವಾಗಿ ಹೊರಡುವುದಿಲ್ಲ. ಇದೊಂದು ರೋಗವೆಂದು ನನ್ನ ಹೆಂಡತಿ ಮದುವೆಯಾದ ಎಂಟನೇ ದಿನಕ್ಕೇ ಕಂಡುಹಿಡಿದಳು. ನಾನು ಹುನಗುಂದದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾಗಿದ್ದವನು. ಪ್ರತಿಯೊಂದು ಪ್ರಶ್ನೆಗೂ ಪುಸ್ತಕದ ಕೊನೆಯ ಪುಟಗಳಲ್ಲಿ ಒಂದು ಉತ್ತರ ಅಚ್ಚಾಗಿರುತ್ತದೆ ಎಂದು ನಂಬಿಕೊಂಡೇ ಬದುಕಿದವನಿಗೆ, ಯಾರಾದರೂ ‘ಎಷ್ಟು’ ಎಂದು ಕೇಳಿದ ಕೂಡಲೇ ಒಂದು ಅಂಕಿ ಹೇಳದೆ ಇರಲಾಗುವುದಿಲ್ಲ. ಒಮ್ಮೆ ಇಳಕಲ್ಲಿನ ಬೀಗರನ್ನು ಬಾದಾಮಿಯ ಗುಹೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಮೊಣಕಾಲು ನೋವಿನ ಒಬ್ಬ ಅತ್ತೆ ಕೆಳಗೇ ನಿಂತು ಮೆಟ್ಟಿಲು ಎಷ್ಟಿವೆ ಎಂದು ಕೇಳಿದರು. ನಾನು ಒಂದು ಸಂಖ್ಯೆ ಹೇಳಿದೆ. ಆ ಅತ್ತೆ ಹತ್ತುವಾಗ ಏದುಸಿರಿಗೆ ಎಣಿಸಲಾಗದೆ, ಇಳಿಯುವಾಗ ಒಂದೊಂದಾಗಿ ಎಣಿಸಿಕೊಂಡು ಬಂದು ಬೇರೆಯೇ ಲೆಕ್ಕ ಕೊಟ್ಟರು. ಸೋಲಬಾರದೆಂದು ನಾನು, ಇಳಿಯುವಾಗ ಎಣಿಸಿದ್ದಕ್ಕೇ ಹಾಗಾಗಿದೆ, ಹತ್ತುವಾಗ ಸರಿಬರುತ್ತದೆ ಎಂದು ಸಮಾಧಾನ ಹೇಳಿದೆ. ಅವರು ನಂಬಿದರು. ನಾನೂ ಅರ್ಧ ನಂಬಿದೆ. ಈ ರೋಗ ಇದ್ದವನ ಕೈಗೆ ಎಂಬತ್ತರ ದಶಕದ ಮೊದಲಲ್ಲಿ ಒಂದು ಬ್ಯಾಟರಿ ಕಾರು ಸಿಕ್ಕಿತು. ಅದು ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತದೆ ಎಂದು ಹೇಳುವ ಕೆಲಸ ನನ್ನದಾಯಿತು.

ಕಾರು ನನ್ನದಲ್ಲ, ಈರಪ್ಪ ಮಾವನದು. ಈರಪ್ಪ ಮಾವ ನನ್ನ ಅಕ್ಕನ ಗಂಡ. ಹುನಗುಂದದ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಸುತ್ತಲಿನ ಹಳ್ಳಿಗಳ ಟ್ರ್ಯಾಕ್ಟರು, ಲಾರಿಗಳ ಬ್ಯಾಟರಿಗಳೆಲ್ಲ ದವಾಖಾನೆಯ ರೋಗಿಗಳಂತೆ ಅವನ ಕಟ್ಟೆಯ ಮೇಲೆ ಸಾಲಾಗಿ ಕುಳಿತಿರುತ್ತಿದ್ದವು. ಆಸಿಡ್ ಬಿದ್ದು ಬಿದ್ದು ಅವನ ಅಂಗಿಗಳಲ್ಲಿ ತೂತಿಲ್ಲದ ಒಂದೂ ಇರಲಿಲ್ಲ. ಮಾತು ಕಡಿಮೆ, ಕೈ ಚುರುಕು. ಅಂಥವನಿಗೆ ಊರಿನ ಡಾಕ್ಟರೊಬ್ಬರ ಹಳೆಯ ಸಣ್ಣ ಕಾರು ಕಣ್ಣಿಗೆ ಬಿತ್ತು. ಎಂಜಿನ್ ಸತ್ತು, ಬೇವಿನ ಮರದ ಕೆಳಗೆ ನಿಂತು, ಒಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದ ಕಾರು ಅದು. ಕೋಳಿಗಳನ್ನು ಬಿಟ್ಟು ಉಳಿದದ್ದನ್ನು ಒಯ್ಯಿ ಎಂದು ಡಾಕ್ಟರು ಹೇಳಿದರಂತೆ. ಮಾವ ಹುಬ್ಬಳ್ಳಿಯ ಗುಜರಿಯಲ್ಲಿ ಮೂರು ದಿನ ಅಲೆದು, ಯಾವುದೋ ಕಾರ್ಖಾನೆಯಲ್ಲಿ ಸಾಮಾನು ಹೊರುತ್ತಿದ್ದ ಬಂಡಿಯ ಮೋಟಾರು ಹುಡುಕಿ ತಂದ. ಎಂಜಿನ್ ಇದ್ದ ಜಾಗದಲ್ಲಿ ಮೋಟಾರು ಮತ್ತು ನಾಲ್ಕು ಟ್ರ್ಯಾಕ್ಟರ್ ಬ್ಯಾಟರಿ, ಹಿಂದಿನ ಸೀಟು ಕಿತ್ತು ಅಲ್ಲಿ ಇನ್ನೂ ನಾಲ್ಕು. ಆರು ತಿಂಗಳ ನಂತರ ಒಂದು ಭಾನುವಾರ ಅದು ಸದ್ದೇ ಇಲ್ಲದೆ ಅಂಗಡಿಯಿಂದ ಹೊರಬಂದಾಗ, ಎದುರಿನ ಚಹಾದಂಗಡಿಯಲ್ಲಿ ಕೂತವರು ಹಿಂದೆ ಯಾರು ತಳ್ಳುತ್ತಿದ್ದಾರೆಂದು ಎದ್ದು ಬಂದು ನೋಡಿದರು.

ಮಾವ ಇದನ್ನು ಶೋಕಿಗಾಗಿ ಮಾಡಿದ್ದಲ್ಲ. ಅಕ್ಕನಿಗೆ ನೌಕರಿ ಸಿಕ್ಕಿತ್ತು. ಹುಣಸಿಹಾಳ ಎಂಬ ಹಳ್ಳಿಯಲ್ಲಿ ಬಾಲವಾಡಿಯ ಅಕ್ಕೋರು, ಎಂದರೆ ಶಿಕ್ಷಕಿ. ಹತ್ತನೇ ಇಯತ್ತೆ ಪಾಸಾಗಿ ಹದಿನೈದು ವರ್ಷ ರೊಟ್ಟಿ ಬಡಿದವಳಿಗೆ ಸರಕಾರದ ಮೊಹರಿನ ಕಾಗದ ಬಂದಾಗ, ಅದನ್ನು ದೇವರ ಮಾಡದಲ್ಲಿ ವಿಭೂತಿಯ ಪಕ್ಕ ಇಟ್ಟು ಮೂರು ದಿನ ಯಾರಿಗೂ ಮುಟ್ಟಗೊಡಲಿಲ್ಲ. ಆದರೆ ಹುಣಸಿಹಾಳಕ್ಕೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಬಾಲವಾಡಿ ಬಿಡುವುದು ಮಧ್ಯಾಹ್ನ ಒಂದಕ್ಕೆ. ಮನೆಯಲ್ಲಿ ಮಾವನ ತಂದೆ. ನಾವೆಲ್ಲ ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದೆವು. ಪಾರ್ಶ್ವವಾಯು ಹೊಡೆದು ಅಜ್ಜನ ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಹನ್ನೆರಡು ವರ್ಷದಿಂದ ಮಧ್ಯಾಹ್ನದ ಊಟ ಅಕ್ಕನ ಕೈಯಿಂದಲೇ ಆಗುತ್ತಿತ್ತು. ಬೇರೆಯವರ ಕೈಯ ತುತ್ತು ಅವರು ತಿನ್ನುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೋಪೆಡ್ ಕೊಡಿಸಿದರಾಗುತ್ತಿತ್ತಲ್ಲ ಎಂದು ನೀವು ಕೇಳಬಹುದು, ಊರವರೂ ಕೇಳಿದರು. ಅಕ್ಕನ ಗೆಳತಿಯೊಬ್ಬಳ ಸೆರಗು ಮೋಪೆಡ್ಡಿನ ಗಾಲಿಗೆ ಸಿಕ್ಕು ಬಿದ್ದು ಹಲ್ಲು ಮುರಿದದ್ದನ್ನು ಅಕ್ಕ ಕಣ್ಣಾರೆ ಕಂಡಿದ್ದಳು. ಎರಡು ಗಾಲಿಯ ಯಾವುದನ್ನೂ ಏರುವುದಿಲ್ಲ ಎಂದು ಅವಳ ಹಟ. ನಾಲ್ಕು ಗಾಲಿಯದನ್ನು ಕಲಿಯುತ್ತೇನೆ ಎಂದು ಅವಳೇ ಹೇಳಿದಳು. ಮೈದಾನದಲ್ಲಿ ಮಾವನ ಪಕ್ಕ ಕುಳಿತು ಕಲಿತಳು, ಬಿಜಾಪುರಕ್ಕೆ ಹೋಗಿ ಲೈಸೆನ್ಸೂ ತಂದಳು. ಉಳಿದದ್ದು ಒಂದೇ ಪ್ರಶ್ನೆ. ಹೋಗಿ ಬರುವಷ್ಟು ಬ್ಯಾಟರಿ ಇರುತ್ತದೆಯೋ ಇಲ್ಲವೋ? ಹಳ್ಳಿಯಲ್ಲಿ ಬಾಲವಾಡಿ ನಡೆಯುತ್ತಿದ್ದದ್ದು ಗುಡಿಯ ಪಡಸಾಲೆಯಲ್ಲಿ. ಅಲ್ಲಿ ಕರೆಂಟಿರಲಿಲ್ಲ.

“ಎಷ್ಟ ದೂರ ಹೋಗತೈತಿ ನೀ ನೋಡಿ ಹೇಳು, ಮಾಸ್ತರ,” ಎಂದ ಮಾವ. ಅಷ್ಟು ಸಾಕಾಯಿತು. ನಾನು ಅಂಗಡಿಗೆ ಹೋಗಿ ಇನ್ನೂರು ಪುಟದ ಒಂದು ನೋಟುಬುಕ್ಕು ತಂದೆ.

ಮೊದಲು ದಾರಿಯ ಉದ್ದ ಗೊತ್ತಾಗಬೇಕಲ್ಲ. ಬಸ್ ಕಂಡಕ್ಟರನನ್ನು ಕೇಳಿದರೆ ಒಂಬತ್ತು ಕಿಲೋಮೀಟರು ಎಂದ. ರಸ್ತೆ ರಿಪೇರಿಯವನು ಹತ್ತು ಎಂದ. ಹುಣಸಿಹಾಳದ ಗೌಡರು ಎರಡು ಹರದಾರಿ ಎಂದರು. ಒಂದು ಹರದಾರಿ ಎಂದರೆ ಎಷ್ಟು ಎಂದು ಕೇಳಿದ್ದಕ್ಕೆ, ಹುಣಸಿಹಾಳದಿಂದ ಹುನಗುಂದದ ಅರ್ಧ ದಾರಿ ಎಂದು ವಿವರಿಸಿದರು. ಕೊನೆಗೆ ನಾನೇ ಸೈಕಲ್ಲಿನ ಮುಂದಿನ ಗಾಲಿಗೆ ಕೆಂಪು ಬಟ್ಟೆ ಕಟ್ಟಿ, ಅದು ಎಷ್ಟು ಸಲ ತಿರುಗುತ್ತದೆ ಎಂದು ಎಣಿಸುತ್ತ ಹೊರಟೆ. ಗಾಲಿಯ ಸುತ್ತಳತೆಯನ್ನು ಸಿಂಪಿಗನ ಟೇಪಿನಿಂದ ಅಳೆದುಕೊಂಡಿದ್ದೆ. ಹಿಂದೆ ನನ್ನ ಕೈಯಲ್ಲಿ ಕಲಿತವರು ದಾರಿಯುದ್ದಕ್ಕೂ ಹೊಲದಲ್ಲಿ ಕೆಲಸ ಮಾಡುತ್ತಿದ್ದರು. ಅವರು “ನಮಸ್ಕಾರ್ರಿ ಸರ್” ಎಂದಾಗ ನಾನೂ ನಮಸ್ಕಾರ ಎನ್ನಬೇಕಾಗುತ್ತಿತ್ತು. ಎಂದ ಮೇಲೆ ಆರುನೂರ ನಲವತ್ತೋ ಏಳುನೂರ ನಲವತ್ತೋ ಎಂಬ ಅನುಮಾನ. ಹೋಗುವಾಗ ಒಂಬತ್ತು ಪಾಯಿಂಟ್ ಎರಡು ಬಂತು, ಬರುವಾಗ ಒಂಬತ್ತು ಪಾಯಿಂಟ್ ಎಂಟು. ಹೋಗುವ ದಾರಿಗಿಂತ ಬರುವ ದಾರಿ ಹೇಗೆ ಉದ್ದವಾಯಿತೆಂದು ನನಗೆ ತಿಳಿಯಲಿಲ್ಲ. ಎರಡನ್ನೂ ಕೂಡಿಸಿ ಭಾಗಿಸಿ ಒಂಬತ್ತೂವರೆ ಎಂದು ಬರೆದೆ. ಹೋಗಿಬರಲು ಹತ್ತೊಂಬತ್ತು.

ಇನ್ನು ಕಾರಿನ ಪರೀಕ್ಷೆ. ಶಾಲೆಯ ಮೈದಾನದ ಸುತ್ತು ಮುನ್ನೂರು ಮೀಟರು. ಮಾವ ಒಬ್ಬನೇ ಕುಳಿತು ಸುತ್ತು ಹಾಕುತ್ತ ಹೋದ, ನಾನು ಧ್ವಜದ ಕಟ್ಟೆಯ ಮೇಲೆ ಕೂತು ಗೀಟು ಹಾಕುತ್ತ ಹೋದೆ. ತೊಂಬತ್ತು ಸುತ್ತಾದ ಮೇಲೆ ಕಾರು ನಿಂತಿತು. ಇಪ್ಪತ್ತೇಳು ಕಿಲೋಮೀಟರು. ಓಡುತ್ತ ಹೋಗಿ ಅಕ್ಕನಿಗೆ ಹೇಳಿದೆ, ಹತ್ತೊಂಬತ್ತು ಸಾಕು, ಇಪ್ಪತ್ತೇಳು ಇದೆ, ಎಂಟು ಉಳಿಯುತ್ತದೆ, ಬೇಕಾದರೆ ಸಂತೆಗೂ ಹೋಗಿ ಬಾ ಎಂದು. ಅಕ್ಕ ಹಿಟ್ಟು ನಾದುತ್ತಿದ್ದಳು, ತಲೆ ಎತ್ತಲಿಲ್ಲ. “ಮೈದಾನದಾಗ ಏರು ಎಲ್ಲೈತೋ ತಮ್ಮಾ? ಹುಣಸಿಹಾಳದ ದಾರ್ಯಾಗ ಹಳ್ಳ ಐತಿ, ದಿನ್ನಿ ಐತಿ.” ಅದೂ ನಿಜವೆನಿಸಿತು. ಮರುದಿನ ಅದೇ ದಾರಿಯಲ್ಲಿ ಮಾವನ ಪಕ್ಕ ನಾನೂ ಕುಳಿತು ಹೋದೆ. ಹದಿನಾರಕ್ಕೆ ನಿಂತಿತು. ಇಬ್ಬರೂ ಊರ ತನಕ ತಳ್ಳಿದೆವು. ಮಾವ ನಡೆಸಿದ್ದರಲ್ಲೇ ಏನೋ ದೋಷವಿದೆ ಎಂಬ ಸಂಶಯದಿಂದ ಮೂರನೆಯ ಸಲ ನಾನೇ ನಡೆಸಿದೆ. ಹದಿನೈದಕ್ಕೆ ನಿಂತಿತು. ಈ ಸಲ ಒಬ್ಬನೇ ತಳ್ಳಿದೆ.

ನಾಲ್ಕನೆಯದು ನನ್ನನ್ನು ಪೂರ್ತಿ ಗೊಂದಲಕ್ಕೆ ಕೆಡವಿತು. ಇಳಕಲ್ಲಿನಲ್ಲಿ ಒಬ್ಬ ಸಂಬಂಧಿಕರ ಮನೆಗೆ ಮಾವ ಹೋಗಬೇಕಿತ್ತು. ಎಲ್ಲಿ ನಿಲ್ಲುತ್ತದೋ ನಿಲ್ಲಲಿ ಎಂದು ಇಬ್ಬರೂ ಅದೇ ಕಾರಿನಲ್ಲಿ ಹೊರಟೆವು. ಅವರ ಮನೆಯಲ್ಲಿ ಮಗ್ಗದ ಸದ್ದಿನ ನಡುವೆ ಊಟ, ಮಾತು, ಎಲೆಯಡಿಕೆ ಎಂದು ಎರಡು ತಾಸು ಕಳೆದು ಹಿಂದಿರುಗಿದರೆ, ಒಟ್ಟು ಇಪ್ಪತ್ತನಾಲ್ಕು ಕಿಲೋಮೀಟರು ಬಂತು. ಅದೇ ಕಾರು, ಅದೇ ಬ್ಯಾಟರಿ, ಅದೇ ಇಬ್ಬರು. ಅದೂ ಊಟ ಮಾಡಿ ಭಾರವಾಗಿದ್ದೆವು. ಯಾಕೆ ಎಂದು ಮಾವನನ್ನು ಕೇಳಿದರೆ, ಆಸಿಡ್ ನೋಡುವ ಗಾಜಿನ ನಳಿಗೆಯನ್ನು ಎತ್ತಿ ಹಿಡಿದು, ಒಳಗೆ ತೇಲುವ ಬುರುಡೆಯನ್ನು ನೋಡಿ, “ಹಂಗ ಆಗತಿರತೈತಿ,” ಎಂದ. ಐದನೆಯ ದಿನ ಚಾರ್ಜಿಗೆ ಹಾಕಿದಾಗ ನಡುವೆ ಕರೆಂಟು ಹೋಗಿತ್ತು. ಹದಿನಾಲ್ಕಕ್ಕೆ ನಿಂತಿತು.

ಆ ದಿನಗಳಲ್ಲಿ ನಾನು ಅನುಭವಿಸಿದ ಗೊಂದಲವನ್ನು ಹೇಗೆ ಹೇಳಲಿ? ತರಗತಿಯಲ್ಲಿ ಕಾಲ ಮತ್ತು ದೂರದ ಲೆಕ್ಕ ಕಲಿಸುತ್ತಿದ್ದೆ. ಒಂದು ರೈಲು ತಾಸಿಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ ಎಂದು ಬರೆಸುವಾಗ ಬಾಯಿ ತಡವರಿಸುತ್ತಿತ್ತು. ಏರಿನಲ್ಲೂ ನಲವತ್ತೇ? ಎದುರುಗಾಳಿ ಇದ್ದರೂ? ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ರೈಲು ಎಲ್ಲೆಲ್ಲಿ ಸುಮ್ಮನೆ ನಿಲ್ಲುತ್ತದೆ ಎಂದು ಆ ರೈಲಿನಲ್ಲಿ ಕೂತ ಎಲ್ಲರಿಗೂ ಗೊತ್ತು, ಪುಸ್ತಕ ಬರೆದವನಿಗೆ ಗೊತ್ತಿಲ್ಲ. ಇಷ್ಟು ವರ್ಷ ಇಂಥ ರೈಲುಗಳನ್ನು ನಂಬಿ ಅದೆಷ್ಟು ಹುಡುಗರ ಕಿವಿ ಹಿಂಡಿದ್ದೆನಲ್ಲ ಎಂದು ಪಾಪಪ್ರಜ್ಞೆಯೂ ಕಾಡಿತು. ಆದರೆ ಸೋಮವಾರ ಅಕ್ಕ ಕೆಲಸಕ್ಕೆ ಹಾಜರಾಗಬೇಕಿತ್ತು. ಒಂದು ಅಂಕಿ ಬೇಕೇ ಬೇಕಿತ್ತು. ಶನಿವಾರ ಐದೂ ಸಂಖ್ಯೆ ಕೂಡಿಸಿದೆ, ತೊಂಬತ್ತಾರು. ಐದರಿಂದ ಭಾಗಿಸಿದೆ, ಹತ್ತೊಂಬತ್ತು ಪಾಯಿಂಟ್ ಎರಡು. ಬೇಕಾದದ್ದು ಹತ್ತೊಂಬತ್ತು. ಇದಕ್ಕಿಂತ ಚೊಕ್ಕ ಉತ್ತರ ಯಾವ ಪುಸ್ತಕದ ಹಿಂದೆಯೂ ಇರಲಾರದು ಎಂದು ನನಗೆ ಕಣ್ಣಲ್ಲಿ ನೀರು ಬಂತು. ಅಕ್ಕನ ಮುಂದೆ ನೋಟುಬುಕ್ಕು ಹಿಡಿದು, ಸರಾಸರಿ ನೋಡಿದರೆ ನೀನು ಮನೆ ಮುಟ್ಟುತ್ತೀ ಎಂದೆ.

“ಸರಾಸರಿ ಅಂದರ?”

ಒಂದು ದಿನ ಹೆಚ್ಚು ಹೋಗಬಹುದು, ಒಂದು ದಿನ ಕಡಿಮೆ ಹೋಗಬಹುದು, ಎಲ್ಲ ಕೂಡಿದರೆ ಸರಿಹೋಗುತ್ತದೆ ಎಂದು ವಿವರಿಸಿದೆ.

“ಕಡಿಮಿ ಹೋದ ದಿನ ನಾ ಹೊಲದಾಗ ನಿಂತಿರತೇನಿ,” ಎಂದಳು ಅಕ್ಕ. “ಅಜ್ಜಗ ಸರಾಸರಿ ಊಟ ಹಾಕಾಕ ಬರತೈತೇನು?”

ಅವಳ ಭಯ ನೋಡಲಾರದೆ ನಾನು ಸೋಮವಾರ ರಜೆ ಹಾಕಿ ಜೊತೆಗೆ ಬರುತ್ತೇನೆಂದು ಒಪ್ಪಿಕೊಂಡೆ. ಬೆಳಿಗ್ಗೆ ಅಕ್ಕ ಹೊಸ ಇಳಕಲ್ ಸೀರೆ ಉಟ್ಟು, ಅಜ್ಜನ ಕಾಲಿಗೆರಗಿ, ಎರಡಕ್ಕೆ ಬಂದುಬಿಡುತ್ತೇನೆ ಎಂದು ಎರಡೆರಡು ಸಲ ಹೇಳಿ ಕಾರು ಹತ್ತಿದಳು. ದಾರಿಯಲ್ಲಿ ನನಗೊಂದು ಹೊಸ ಸಿದ್ಧಾಂತ ಹೊಳೆಯಿತು. ಬ್ಯಾಟರಿ ಖರ್ಚಾಗುವುದು ಮೋಟಾರು ತಿರುಗುವಷ್ಟು ಹೊತ್ತು. ಬೇಗ ಮುಟ್ಟಿದರೆ ಕಡಿಮೆ ಹೊತ್ತು ತಿರುಗುತ್ತದೆ. ಆದ್ದರಿಂದ ಜೋರಾಗಿ ಹೋದಷ್ಟೂ ಬ್ಯಾಟರಿ ಉಳಿಯಬೇಕು. ಈ ವಾದದಲ್ಲಿ ತಪ್ಪೆಲ್ಲಿದೆ ಎಂದು ಈಗಲೂ ತಕ್ಷಣ ಹೇಳಲು ನನಗೆ ಕಷ್ಟ. ಅಕ್ಕ ಸಾವಕಾಶ ಹೋಗುತ್ತಿದ್ದವಳು ನನ್ನ ಮಾತಿಗೆ ಕಟ್ಟುಬಿದ್ದು ಕಾಲು ಒತ್ತಿದಳು. ಸೀರೆಯ ಸೆರಗು ಹಾರುವ ಹಾಗೆ ಹೋದೆವು. ಹುಣಸಿಹಾಳದಲ್ಲಿ ಇಪ್ಪತ್ತೆರಡು ಮಕ್ಕಳು ಅವಳತ್ತ ನೋಡುವ ಮೊದಲೇ ಕಾರನ್ನು ಮುಟ್ಟಿ ನೋಡಿದವು. ಅಕ್ಕ ಅಲ್ಲಿ ಹಾಡು ಹೇಳಿಕೊಟ್ಟದ್ದು, ಮೂಗು ಒರೆಸಿದ್ದು, ಅತ್ತ ಮಗುವನ್ನು ಸೊಂಟಕ್ಕೆ ಏರಿಸಿಕೊಂಡೇ ಹಾಜರಿ ಹಾಕಿದ್ದು ಎಲ್ಲ ನೋಡುತ್ತ ಗುಡಿಯ ಕಂಬಕ್ಕೆ ಒರಗಿ ಕುಳಿತಿದ್ದೆ. ಹುಟ್ಟಿದಾಗಿನಿಂದ ಇದನ್ನೇ ಮಾಡುತ್ತಿದ್ದಾಳೋ ಎನ್ನುವ ಹಾಗಿದ್ದಳು.

ಒಂದು ಗಂಟೆಗೆ ಹೊರಟೆವು. ಮತ್ತೆ ಜೋರು. ಹಳ್ಳ ದಾಟಿ ದಿನ್ನೆ ಏರುವಾಗ ಕಾರಿಗೆ ನಿದ್ದೆ ಬಂದಂತಾಯಿತು. ಏರಿನ ನಡುವೆ ನಿಂತೇಬಿಟ್ಟಿತು. ಊರು ಇನ್ನೂ ನಾಲ್ಕು ಕಿಲೋಮೀಟರು. ಬಿಸಿಲು ನೆತ್ತಿಯ ಮೇಲೆ. ನಾನು ನೋಟುಬುಕ್ಕು ತೆಗೆದು, ಒಂಬತ್ತೂವರೆ ಕೂಡಿಸು ಐದೂವರೆ ಎಂದು ಬರೆದೆ. ಹದಿನೈದು. ಆ ಹದಿನೈದನ್ನು ಸೇರಿಸಿದರೆ ಸರಾಸರಿ ಎಷ್ಟಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹಾಕಲು ಕೂತೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಹನ್ನೆರಡ ವರ್ಷದಾಗ ಒಂದ ದಿನಾನೂ ತಪ್ಪಿಲ್ಲೋ,” ಎಂದಳು, ಅಷ್ಟೆ.

ಆಮೇಲೆ ಅವಳೇ ಕೀಲಿ ತಿರುಗಿಸಿ ಎಲ್ಲ ಬಂದ್ ಮಾಡಿದಳು. ಜಾಲಿಗಿಡದ ನೆರಳಿಗೆ ಹೋಗಿ ಕುಳಿತಳು. ಏನು ಮಾಡುತ್ತಿದ್ದೀ ಎಂದರೆ, “ರೇಡಿಯೋದ ಶೆಲ್ ಇಳಿದಾಗ ತಗದ ಇಟ್ಟರ ಮತ್ತ ಒಂದ ತಾಸ ಹಾಡತಾವಲ್ಲ. ಇದೂ ಅದ ಜಾತಿ ಇರಬೇಕು,” ಎಂದಳು. ಇಳಕಲ್ಲಿನ ಎರಡು ತಾಸಿನ ಊಟ ನನಗೆ ಥಟ್ಟನೆ ನೆನಪಾಯಿತು, ಆದರೆ ಹೇಳಲು ನಾಚಿಕೆಯಾಯಿತು. ಅರ್ಧ ತಾಸು ಕಳೆದ ಮೇಲೆ ಎದ್ದಳು. ನಾನೂ ಬಾಗಿಲು ತೆಗೆಯಲು ಹೋದೆ. ನೀನು ಹತ್ತಬೇಡ ಎಂದಳು. ನನ್ನ ತೂಕ ಆಗ ಎಪ್ಪತ್ತೆಂಟು ಕಿಲೋ. ಐದು ಪರೀಕ್ಷೆಗಳಲ್ಲಿ ಎಲ್ಲವನ್ನೂ ಬರೆದಿದ್ದ ನಾನು ಇದೊಂದನ್ನು ಎಲ್ಲಿಯೂ ಬರೆದಿರಲಿಲ್ಲ. ಕಾರು ಎಚ್ಚರಗೊಂಡು, ನಡೆಯುವವನ ವೇಗದಲ್ಲಿ ದಿನ್ನೆ ಏರಿತು. ಆಚೆ ಇಳಿಜಾರಿನಲ್ಲಿ ಅವಳು ಕಾಲು ತೆಗೆದು ಸುಮ್ಮನೆ ಉರುಳಲು ಬಿಟ್ಟದ್ದು ಕಾಣಿಸಿತು. ಮೊದಲು ಸ್ವಲ್ಪ ದೂರ ಅದರ ಹಿಂದೆಯೇ ನಡೆದೆ. ಆಮೇಲೆ ಅದು ಚಿಕ್ಕದಾಗುತ್ತ ಹೋಯಿತು.

ನಾನು ಕಾಲೆಳೆಯುತ್ತ ಮನೆ ಮುಟ್ಟಿದಾಗ ಸುಮಾರು ಮೂರು ಗಂಟೆ. ಕಾರು ಬಾಗಿಲಲ್ಲಿ ನಿಂತಿತ್ತು. ಅಕ್ಕ ಹೊಸ ಸೀರೆಯಲ್ಲೇ ಹೊಸ್ತಿಲ ಹತ್ತಿರ ಕುಳಿತಿದ್ದಳು. ಅವಳ ಮುಖ ನೋಡಿ, ಅಜ್ಜ ಊಟ ಮಾಡಲಿಲ್ಲವೇ ಎಂದು ಕೇಳಿದೆ. ಮಾಡಿದ್ದಾರೆ ಎಂದಳು. ನೀನು ಬರುವವರೆಗೆ ಕಾದರೇ ಎಂದೆ. ಇಲ್ಲವೆಂದು ತಲೆಯಾಡಿಸಿದಳು. ಒಳಗಿನಿಂದ ಮಾವ ಬಂದ. ಎರಡು ಹೊಡೆದರೂ ಅಕ್ಕ ಬಾರದಿದ್ದಾಗ ಅಂಗಡಿ ಮುಚ್ಚಿಕೊಂಡು ಬಂದನಂತೆ. “ರೊಟ್ಟಿ ಹಾಲಾಗ ಮುರದು, ನಾ ತಿನಸ್ಲೇನಪ್ಪಾ ಅಂದ್ನಿ. ಹೂಂ ಅಂದ,” ಎಂದ. ಹೇಳುವಾಗ ಅವನು ತನ್ನ ಆಸಿಡ್ ಸುಟ್ಟ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ. ಹನ್ನೆರಡು ವರ್ಷ ಅವನು ಕೇಳಿರಲೇ ಇಲ್ಲ. ಬೇರೆಯವರ ಕೈಯಲ್ಲಿ ಅಜ್ಜ ತಿನ್ನುವುದಿಲ್ಲ ಎಂದು ಮೊದಲು ಹೇಳಿದವರು ಯಾರೆಂದು ಅಂದು ಎಲ್ಲರೂ ನೆನಪಿಸಿಕೊಳ್ಳಲು ನೋಡಿದೆವು, ಯಾರಿಗೂ ನೆನಪಾಗಲಿಲ್ಲ. ಮಂಚದ ಮೇಲಿದ್ದ ಅಜ್ಜನನ್ನೇ ಅಕ್ಕ ಕೊನೆಗೆ ಕೇಳಿದಳು. ಅವರು ಬಾಯಿ ಓರೆ ಮಾಡಿಕೊಂಡು, ಬಹಳ ಹೊತ್ತು ತೆಗೆದುಕೊಂಡು, “ಹಸದಿತ್ತು,” ಎಂದರು. ಅಕ್ಕ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಸಮಾಧಾನದ್ದೋ ನೋವಿನದ್ದೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಮರುದಿನದಿಂದ ಮಧ್ಯಾಹ್ನ ಅಂಗಡಿ ಮುಚ್ಚಿ ಮಾವ ಮನೆಗೆ ಬರತೊಡಗಿದ. ಅಕ್ಕನಿಗೆ ಎರಡು ಗಂಟೆಯ ಅವಸರ ಇಲ್ಲವಾಯಿತು. ಅವಸರ ಹೋದ ಮೇಲೆ ಅವಳು ತನ್ನ ಮನಸ್ಸಿಗೆ ಬಂದ ಹಾಗೆ ಕಾರು ನಡೆಸಿದಳು. ಅದು ಮತ್ತೆ ದಾರಿಯಲ್ಲಿ ನಿಂತದ್ದನ್ನು ನಾನು ಕಾಣೆ. ಎರಡು ತಿಂಗಳು ಕಳೆದರೂ ದಿನಾ ಹೋಗಿ ದಿನಾ ಬಂದಳು. ನನಗೆ ಇದನ್ನು ಸಹಿಸಲಾಗಲಿಲ್ಲ. ಒಂದು ಭಾನುವಾರ ಅವಳನ್ನು ಕೂರಿಸದೆ, ಒಬ್ಬನೇ, ಅದೇ ದಾರಿಯಲ್ಲಿ, ಅವಳು ಹೋಗುವ ಹೊತ್ತಿಗೇ ಹೋಗಿ ನೋಡಿದೆ. ಹದಿನೈದೂವರೆಗೆ ನಿಂತಿತು. ತಳ್ಳುತ್ತ ಬರುವಾಗ ಸಿಕ್ಕ ರೈತರೊಬ್ಬರು ಅಕ್ಕೋರಿಗೆ ಆರಾಮಿಲ್ಲವೇ ಎಂದು ಕಳಕಳಿಯಿಂದ ವಿಚಾರಿಸಿದರು.

ಸುದ್ದಿ ಹರಡಿ, ಬಾಗಲಕೋಟೆಯಿಂದ ಎಂಜಿನಿಯರಿಂಗ್ ಕಲಿಸುವ ಒಬ್ಬ ಲೆಕ್ಚರರು ಕಾರು ನೋಡಲು ಬಂದರು. ಕನ್ನಡಕ, ಕೈಯಲ್ಲಿ ಮೀಟರುಗಳ ಪೆಟ್ಟಿಗೆ. ಮಾವ ಎಲ್ಲ ಬಿಚ್ಚಿ ತೋರಿಸಿದ. ನಾನು ಮುಂದೆ ಬಂದು ನೋಟುಬುಕ್ಕು ಒಪ್ಪಿಸಿದೆ. ಅವರು ಹಾಳೆ ತಿರುವುತ್ತ ಹೋದರು. ಇಪ್ಪತ್ತೇಳು, ಹದಿನಾರು, ಹದಿನೈದು, ಇಪ್ಪತ್ತನಾಲ್ಕು. ಅವರ ಹುಬ್ಬು ಮೇಲೆ ಹೋಗಿದ್ದು ಕೆಳಗಿಳಿಯಲಿಲ್ಲ. ನೋಟುಬುಕ್ಕು ಮುಚ್ಚಿ ನನಗೇ ಕೊಟ್ಟು, ದಿನಾ ನಡೆಸುವವರು ಯಾರು ಎಂದು ಕೇಳಿದರು. ಅಕ್ಕನನ್ನು ಕರೆದೆವು. ಹೇಗೆ ನಡೆಸುತ್ತೀರಿ ಎಂದು ಅವರು ಕೇಳಿದಾಗ ಅಕ್ಕ ಮೊದಲು ಸಂಕೋಚಪಟ್ಟಳು, ಆಮೇಲೆ ಒಂದೊಂದೇ ಹೇಳಿದಳು. “ಇಳಿಜಾರದಾಗ ಕಾಲು ತಗೀತೇನ್ರಿ. ಎದರ ಗಾಳಿ ಇದ್ದರ ಸಾವಕಾಶ ಹೋಗತೇನಿ. ನಿಂತು ಮತ್ತ ಹೊಂಟರ ಭಾಳ ತಿಂತೈತ್ರಿ, ಅದಕ್ಕ ಎಮ್ಮಿ ಹೊರಗ ಬರೂದರಾಗ ಊರ ದಾಟತೇನಿ. ಗಾಲಿಗೆ ಗಾಳಿ ಕಡಿಮಿ ಆದರ ಸಪ್ಪಳ ಬ್ಯಾರೆ ಬರತೈತ್ರಿ, ಅವತ್ತ ಇವರಿಗೆ ಹೇಳಿ ತುಂಬಸತೇನಿ.” ಲೆಕ್ಚರರು ಕಿಸೆಯಿಂದ ಪೆನ್ನು ತೆಗೆದು ಒಂದಕ್ಷರ ಬಿಡದೆ ಬರೆದುಕೊಂಡರು. ಹಾಗಾದರೆ ಒಂದು ಚಾರ್ಜಿಗೆ ಒಟ್ಟು ಎಷ್ಟು ದೂರ ಹೋಗುತ್ತದೆ ಎಂದು ಕೇಳಿದರು.

“ಅದು ನನಗ ಗೊತ್ತಿಲ್ರಿ,” ಎಂದಳು ಅಕ್ಕ. “ದಿನಾ ಮನಿಗೆ ಬರತೇನಿ.”

ಅವರು ಅದನ್ನೂ ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿ, ಕಂಕುಳಲ್ಲಿ ನೋಟುಬುಕ್ಕು ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದರು. ನೀವು ಹೈಸ್ಕೂಲಿನಲ್ಲಿ ಯಾವ ವಿಷಯ ಕಲಿಸುತ್ತೀರಿ ಎಂದು ವಿನಯದಿಂದಲೇ ಕೇಳಿದರು. ಮಾವ ಬಗ್ಗಿ ಗಾಲಿಯ ನಟ್ಟು ನೋಡತೊಡಗಿದ. ಅಕ್ಕ ಚಹಾ ತರುತ್ತೇನೆಂದು ಒಳಗೆ ಹೋದಳು.

“ಇತಿಹಾಸರಿ,” ಎಂದೆ.